ದೊಡ್ಡಮ್ಮ ಹೊಲಿದ ಕೆಂಪು ಚೀಲ

ಥಾರ್ಸ್‌ಬಿ
೪ ಅಕ್ಟೋಬರ್ ೧೯೮೨

ಪ್ರೀತಿಯ ಹೆಸ್ಟರ್,

ನಿನ್ನ ರೈಲು ಹೋದ ಮೇಲೆ ನಾನೂ ನಿನ್ನ ದೊಡ್ಡಮ್ಮನೂ ಸ್ಟೇಷನ್ನಿನಲ್ಲೇ ಕೂತು ಟೀ ಕುಡಿದೆವು. ಅವಳು ಅತ್ತಳು. ನಾನು ಟೀ ಸರಿಯಿಲ್ಲ ಅಂತ ಅಂಗಡಿಯವಳ ಮೇಲೆ ರೇಗಿದೆ. ಒಬ್ಬೊಬ್ಬರದು ಒಂದೊಂದು ರೀತಿ.

ಆಫೀಸಿನಲ್ಲಿ ನಿನ್ನ ಮೇಜು ಹಾಗೇ ಇದೆ. ಬೆಕ್ಕು ಅದನ್ನು ತನ್ನದು ಮಾಡಿಕೊಂಡಿದೆ. ಬಾಗಿಲ ಹಿತ್ತಾಳೆ ಫಲಕದ ಮೇಲೆ ‘ಗಾರ್ತ್ ಮತ್ತು ಗಾರ್ತ್, ಸಾಲಿಸಿಟರ್ಸ್’ ಅಂತ ಇನ್ನೂ ಇದೆ. ಎರಡನೇ ಗಾರ್ತ್ ಹೋದಳಲ್ಲ, ತೆಗೆಸಿಬಿಡಿ ಅಂದ ಪಕ್ಕದ ಔಷಧಿ ಅಂಗಡಿಯವನು. ತೆಗೆದರೆ ಇಟ್ಟಿಗೆಯಲ್ಲಿ ತೂತು ಉಳಿಯುತ್ತದೆ, ನೋಡಲು ಚೆನ್ನಾಗಿರುವುದಿಲ್ಲ ಅಂದೆ.

ಸಾಲಿಸಿಟರುಗಳ ಪಟ್ಟಿಯಿಂದ ಹೆಸರು ತೆಗೆಸಿಕೊಳ್ಳದೆ ಬ್ಯಾರಿಸ್ಟರ್ ಆಗುವ ಹಾಗಿಲ್ಲ ಅನ್ನುವುದು ಊರವರಿಗೆ ಎಲ್ಲಿ ಗೊತ್ತು? ಕಕ್ಷಿದಾರರ ಹಣ ನುಂಗಿದವರ ಹೆಸರು ಮಾತ್ರ ಅಲ್ಲಿಂದ ಹೋಗುವುದು ಅಂತ ಅವರ ತಿಳಿವಳಿಕೆ. ಮೀನಿನ ಡೋರಿಸ್ ದನಿ ತಗ್ಗಿಸಿ, "ಹುಡುಗಿ ಏನು ಮಾಡ್ಕೊಂಡ್ಳು ಎಡ್ವಿನ್?" ಅಂತ ಕೇಳಿದಳು. "ಕುದುರೆ ಕೂದಲಿನ ವಿಗ್ ಹಾಕ್ಕೊಂಡು ಜಡ್ಜ್ ಮುಂದೆ ನಿಂತ್ಕೋಬೇಕಂತೆ" ಅಂದೆ. "ಅಯ್ಯೋ ಪಾಪ" ಅಂದಳು.

ನನಗೆ ಬೇಸರವಿಲ್ಲ. ಬೇಸರವಿಲ್ಲ ಅಂತಲೇ ತಿಳಿ. ನಮ್ಮ ಕಸುಬು ನಿನಗೆ ಗೊತ್ತಿರುವುದೇ. ಕಕ್ಷಿದಾರನ ಗೋಳು ಕೇಳುವವರು ನಾವು, ಸಾಕ್ಷಿ ಹುಡುಕುವವರು ನಾವು, ಎಲ್ಲವನ್ನೂ ಬ್ರೀಫಾಗಿ ಬರೆದು ಗುಲಾಬಿ ಪಟ್ಟಿ ಕಟ್ಟಿ ಬ್ಯಾರಿಸ್ಟರ್ ಕೈಗಿಟ್ಟು, ದೊಡ್ಡ ಕೋರ್ಟಿನಲ್ಲಿ ಅವರ ಬೆನ್ನ ಹಿಂದೆ ಬಾಯಿ ಮುಚ್ಚಿ ಕೂರುವವರು ನಾವು. ಮಾಲರಿ ಸಾಹೇಬರ ಬೆನ್ನನ್ನು ನಾನು ನೋಡಿದಷ್ಟು ಅವರ ಹೆಂಡತಿಯೂ ನೋಡಿರಲಿಕ್ಕಿಲ್ಲ.

ಹದಿನಾಲ್ಕನೇ ವಯಸ್ಸಿಗೆ ಈ ಆಫೀಸಿಗೆ ಟೀ ಮಾಡಲು ಸೇರಿದವನು ನಾನು. ಆಗ ಯಾರ್ಕಿಗೆ ನ್ಯಾಯಾಧೀಶರು ಬಂದು ಕೋರ್ಟು ಕೂತಾಗಲೆಲ್ಲ ನನ್ನ ಕೆಲಸ ಬ್ಯಾರಿಸ್ಟರುಗಳ ಚೀಲಗಳನ್ನು ಸ್ಟೇಷನ್ನಿನಿಂದ ಹೊತ್ತು ತರುವುದು. ಕಾನೂನು ಕಲಿತದ್ದು ಗ್ರಂಥಾಲಯದ ಪುಸ್ತಕದಿಂದ, ಕಾಲೇಜಿನ ಮೆಟ್ಟಿಲು ತುಳಿದು ಅಲ್ಲ. ಸಾಲಿಸಿಟರ್ ಆದ ಮೇಲೆ ಒಂದು ಸಲ ರೈಲಿನಲ್ಲಿ ಮಾಲರಿಯವರಿಗೆ ಹೇಳಿದ್ದೆ, ನನಗೂ ನಿಮ್ಮ ಕಡೆ ಬರುವ ಆಸೆ ಅಂತ. ಅವರು ನಾನು ಬರೆದ ಬ್ರೀಫನ್ನು ತಿರುವಿ ನೋಡಿ, "ನಿಮ್ಮ ಕೈಬರಹ ಬಹಳ ಚೆನ್ನಾಗಿದೆ, ಗಾರ್ತ್" ಅಂದರು. ಅಷ್ಟೇ.

ಅದೇ ಮಾಲರಿ ಕಳೆದ ವಸಂತದಲ್ಲಿ ನಮ್ಮೂರ ಸಣ್ಣ ಕೋರ್ಟಿಗೆ ಬಂದು, ನೀನು ಹತ್ತು ನಿಮಿಷ ವಾದ ಮಾಡಿದ್ದನ್ನು ಕೇಳಿ, "ಈ ಧ್ವನಿ ಇಲ್ಲಿ ಕೊಳೆಯಬಾರದು" ಅಂದರು. ಈಗ ನೀನು ಅವರದೇ ಚೇಂಬರ್ಸಿನಲ್ಲಿ, ಲೀಡ್ಸಿನ ಬ್ಯಾರಿಸ್ಟರುಗಳು ಒಟ್ಟಿಗೆ ಕೂರುವ ಆ ಆಫೀಸಿನಲ್ಲಿ. ಅವರಿಗೆ ನನ್ನ ನಮಸ್ಕಾರ ತಿಳಿಸು.

ದೊಡ್ಡಮ್ಮ ನಿನ್ನ ಗೌನು ಇಟ್ಟುಕೊಳ್ಳಲು ಚೀಲ ಹೊಲಿಯಬೇಕು ಅಂತ ಬಟ್ಟೆ ಹುಡುಕುತ್ತಿದ್ದಾಳೆ.

ನಿನ್ನ ದೊಡ್ಡಪ್ಪ,
ಎಡ್ವಿನ್


ಲೀಡ್ಸ್
೨೫ ಅಕ್ಟೋಬರ್ ೧೯೮೨

ದೊಡ್ಡಪ್ಪ, ದೊಡ್ಡಮ್ಮ ಇಬ್ಬರಿಗೂ,

ಲಂಡನ್ನಿಗೆ ಹೋಗಿ ಊಟ ಮಾಡಿ ಬಂದೆ. ನಗಬೇಡಿ, ಅದೂ ಓದಿನ ಭಾಗವೇ. ಇಷ್ಟು ಊಟಕ್ಕೆ ಹಾಜರಾಗದೆ ಬ್ಯಾರಿಸ್ಟರ್ ಪಟ್ಟ ಕೊಡುವುದಿಲ್ಲ. ಉದ್ದನೆಯ ಹಳೇ ಹಜಾರ, ನಾಲ್ಕು ನಾಲ್ಕು ಜನರ ಪಂಕ್ತಿ. ನನ್ನ ಎದುರಿಗೆ ಕೂತಿದ್ದ ಹುಡುಗನಿಗೆ ನಾನು ಆರು ವರ್ಷ ಸಾಲಿಸಿಟರ್ ಆಗಿದ್ದೆ ಅಂದೆ. ಅವನು ಬ್ರೆಡ್ಡು ಕೈಯಲ್ಲಿ ಹಿಡಿದು, "ಹಾಗಾದ್ರೆ ನೀವು ನಿಜವಾದ ಕಕ್ಷಿದಾರರನ್ನ ನೋಡಿದೀರಾ?" ಅಂತ ಹುಲಿ ನೋಡಿದವಳನ್ನು ಕೇಳುವಂತೆ ಕೇಳಿದ.

ಕುರಿ ಮಾಂಸ ಸ್ವಲ್ಪ ಗಟ್ಟಿ. ದೊಡ್ಡಮ್ಮನ ಕೈ ರುಚಿ ಇಲ್ಲ.

ಚೇಂಬರ್ಸಿಗೆ ಹೋದ ಮೊದಲ ದಿನವೇ ಎಡವಟ್ಟು ಮಾಡಿಕೊಂಡೆ. ಎಲ್ಲರ ಮುಂದೂ ಕೈ ಚಾಚುತ್ತಾ ಹೋದೆ. ಒಬ್ಬರೂ ಹಿಡಿಯಲಿಲ್ಲ. ನನ್ನ ಕೈ ಗಾಳಿಯಲ್ಲಿ ನೇತಾಡುತ್ತಿತ್ತು. ಆಮೇಲೆ ಮಾಲರಿಯವರೇ ಪಕ್ಕಕ್ಕೆ ಕರೆದು ಹೇಳಿದರು, ಬ್ಯಾರಿಸ್ಟರುಗಳು ಒಬ್ಬರಿಗೊಬ್ಬರು ಕೈ ಕುಲುಕುವುದಿಲ್ಲವಂತೆ. ಹೊರಗಿನವರಿಗೆ ಮಾತ್ರ ಕುಲುಕುವುದಂತೆ. ನಮ್ಮ ನಮ್ಮಲ್ಲಿ ನಂಬಿಕೆ ಇರುವಾಗ ಕೈಯಲ್ಲಿ ಕತ್ತಿ ಇಲ್ಲ ಅಂತ ತೋರಿಸುವುದು ಯಾಕೆ ಅಂತ ಮಾಲರಿಯವರು ಹೇಳುತ್ತಾರೆ. ಅವರು ಚೇಂಬರ್ಸಿನ ಯಜಮಾನರಾದರೂ ನನ್ನ ಕೋಣೆಗೆ ಬಂದು ಕೂತು ಮಾತಾಡುತ್ತಾರೆ. ಹೇಗೆ ನಿಲ್ಲಬೇಕು, ಎಲ್ಲಿ ಉಸಿರು ಬಿಡಬೇಕು ಅನ್ನುವುದನ್ನೆಲ್ಲ ಮಾಲರಿಯವರು ಎಷ್ಟು ಚೆನ್ನಾಗಿ ಹೇಳಿಕೊಡುತ್ತಾರೆ ಗೊತ್ತಾ.

ನವೆಂಬರ್ ಕೊನೆಗೆ ನನಗೆ ಪಟ್ಟ. ಸಾಲಿಸಿಟರ್ ಆಗಿದ್ದಕ್ಕೆ ತರಬೇತಿಯಲ್ಲಿ ರಿಯಾಯಿತಿ ಸಿಕ್ಕಿದೆ. ಜನವರಿಯಿಂದಲೇ ಎದ್ದು ನಿಲ್ಲಬಹುದು. ಬೇಸಿಗೆಯವರೆಗೆ ಕೆಲಸ ನೋಡಿ, ಜುಲೈನಲ್ಲಿ ಚೇಂಬರ್ಸಿನವರೆಲ್ಲ ಕೂತು ನನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ತೀರ್ಮಾನಿಸುತ್ತಾರೆ. ಅಲ್ಲಿಯವರೆಗೆ ಯಾರಾದರೂ ಸಾಲಿಸಿಟರುಗಳು ನನಗೆ ಕೇಸು ಕಳಿಸಬೇಕು. ನಾವಾಗಿ ಕೇಳುವ ಹಾಗಿಲ್ಲ, ಅದು ನಿಯಮ.

ಬೆಕ್ಕಿಗೆ ನನ್ನ ಮೇಜು ಬಿಟ್ಟುಕೊಟ್ಟಿದ್ದೇನೆ ಅಂತ ಹೇಳಿ.

ನಿಮ್ಮ
ಹೆಸ್ಟರ್


ಥಾರ್ಸ್‌ಬಿ
೧೪ ನವೆಂಬರ್ ೧೯೮೨

ಹೆಸ್ಟರ್,

ಇದರ ಜೊತೆ ಬಂದ ಪೊಟ್ಟಣದಲ್ಲಿ ಚೀಲ ಇದೆ. ದೊಡ್ಡಮ್ಮ ಬಟ್ಟೆ ಅಂಗಡಿಯಲ್ಲಿ ಒಂದು ಇಡೀ ಮಧ್ಯಾಹ್ನ ಕಳೆದಳು. ನೀಲಿಯೂ ಇತ್ತು. ನೀಲಿ ಸಾವಿನ ಮನೆ ಬಣ್ಣ, ನಮ್ಮ ಹುಡುಗಿಗೆ ಕೆಂಪು ಚೆನ್ನ ಅಂದಳು. ನಿನ್ನ ಹೆಸರಿನ ಮೊದಲಕ್ಷರಗಳನ್ನು ಬಿಳಿ ದಾರದಲ್ಲಿ ಕಸೂತಿ ಮಾಡಿದ್ದಾಳೆ. ಸೊಂಟ ನೋವಿದ್ದರೂ ದೀಪದ ಕೆಳಗೆ ಬಗ್ಗಿಕೊಂಡೇ ಕೂತಿದ್ದಳು. ದಾರಿಯಲ್ಲಿ ಹರಿಯದಿರಲಿ ಅಂತ ನಾನೇ ಕಟ್ಟಿ ಅಂಚೆಗೆ ಹಾಕಿದೆ.

ನಿನ್ನ ಕಾಗದವನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಮಾಲರಿಯವರು ಅಂದರೆ ಆ ಉದ್ದ ಮೂಗಿನವರಾ? ಎಷ್ಟು ಒಳ್ಳೆಯವರು" ಅಂದಳು. ಓದುವಾಗ ಆ ಹೆಸರು ಎಷ್ಟು ಸಲ ನನ್ನ ಬಾಯಲ್ಲಿ ಬಂತೋ. ಕೊನೆಕೊನೆಗೆ ‘ಅವರು’ ಅಂತ ಬದಲಾಯಿಸಿ ಓದಿದೆ.

ಎಲ್ಲಿ ಉಸಿರು ಬಿಡಬೇಕು ಅಂತ ಹೇಳಿಕೊಟ್ಟರಂತೆ. ಒಳ್ಳೆಯದಾಯಿತು. ಇಷ್ಟು ದಿನ ನಮ್ಮ ಮನೆಯಲ್ಲಿ ನೀನು ಉಸಿರೇ ಬಿಡದೆ ಬೆಳೆದೆ ಅಂತ ಕಾಣುತ್ತದೆ. ನಿಮ್ಮಪ್ಪ ಹೋದ ಮೇಲೆ ನಿನ್ನನ್ನು ಕರೆತಂದ ವರ್ಷ, ನೀನು ಶಾಲೆಯ ಪದ್ಯ ಬಾಯಿಪಾಠ ಹೇಳಲು ನಾಚುತ್ತಿದ್ದೆ. ಹಿತ್ತಲ ಕಡೆ ಕೋಳಿಗಳ ಮುಂದೆ ನಿಲ್ಲಿಸಿ ನಿನ್ನ ಕೈಲಿ ಹೇಳಿಸಿದವನು ಯಾರೋ. ಅವನ ಮೂಗು ಉದ್ದ ಇರಲಿಲ್ಲ.

ತಮಾಷೆಗೆ ಬರೆದೆ. ಪಟ್ಟದ ದಿನ ಬೆಚ್ಚಗಿನ ಕಾಲುಚೀಲ ಹಾಕಿಕೋ.

ದೊಡ್ಡಪ್ಪ


ಲೀಡ್ಸ್
೧೯ ಜನವರಿ ೧೯೮೩

ದೊಡ್ಡಪ್ಪ,

ಈ ಕಾಗದವನ್ನು ಆಫೀಸಿನ ವಿಳಾಸಕ್ಕೆ ಬರೆಯುತ್ತಿದ್ದೇನೆ. ದೊಡ್ಡಮ್ಮನಿಗೆ ತೋರಿಸಬೇಡಿ.

ಹೋದ ವಾರ ಸೋಮವಾರ ಮೊದಲ ಸಲ ನಾನೇ ಎದ್ದು ನಿಲ್ಲುವ ಕೆಲಸ ಇತ್ತು. ಜಾಮೀನಿನ ಸಣ್ಣ ಅರ್ಜಿ. ವಿಗ್ಗು, ಗೌನು, ಬಿಳಿ ಪಟ್ಟಿ ಎಲ್ಲ ಕೆಂಪು ಚೀಲದಲ್ಲಿ ಹಾಕಿಕೊಂಡು ಭುಜಕ್ಕೆ ನೇತುಹಾಕಿಕೊಂಡು ಗೌನು ತೊಡುವ ಕೋಣೆಗೆ ಹೋದೆ. ಎಲ್ಲರೂ ಚೀಲದ ಕಡೆ ನೋಡಿದರು. ಒಬ್ಬ ಹಿರಿಯರು ಎದ್ದು ಬಂದು ಬಗ್ಗಿ, "ಅಭಿನಂದನೆ, ಇಷ್ಟು ಬೇಗ? ಯಾವ ಹಿರಿಯರು ಕೊಟ್ಟರು?" ಅಂದರು. ಹೊಗಳುತ್ತಿದ್ದಾರೆ ಅಂದುಕೊಂಡು ನಾನು ನಗುತ್ತಾ, "ನಮ್ಮ ದೊಡ್ಡಮ್ಮ ಕೊಟ್ಟಿದ್ದು" ಅಂದೆ.

ಅವರೆಲ್ಲ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಹೊಸಬರ ಚೀಲ ನೀಲಿ. ಸಾಯುವವರೆಗೂ ನೀಲಿಯೇ ಇರಬಹುದು. ಕೆಂಪು ಚೀಲವನ್ನು ಕೊಂಡುಕೊಳ್ಳುವ ಹಾಗಿಲ್ಲ. ರೇಷ್ಮೆ ಗೌನಿನ ಹಿರಿಯರು ಒಂದು ದೊಡ್ಡ ಕೇಸಿನಲ್ಲಿ ಕಿರಿಯರ ಕೆಲಸ ಮೆಚ್ಚಿ ತಮ್ಮ ಕೈಯಾರೆ ಕೊಟ್ಟರೆ ಮಾತ್ರ ಅದು ಸಿಗುವುದು. ನಾನು ಯುದ್ಧಕ್ಕೇ ಹೋಗದೆ ಪದಕ ಹಾಕಿಕೊಂಡು ಹೋದ ಹಾಗಾಯಿತು. ಈಗ ಕೋರ್ಟಿನ ಮೊಗಸಾಲೆಯಲ್ಲಿ ನನ್ನ ಹೆಸರು ‘ದೊಡ್ಡಮ್ಮನ ಬ್ಯಾರಿಸ್ಟರ್’. ಚೇಂಬರ್ಸಿನ ಗುಮಾಸ್ತರು, ಸಾಲಿಸಿಟರುಗಳ ಕೇಸು ಹಂಚುವವರು ಅವರೇ ಅಲ್ಲವಾ, ಅವರ ಕಿವಿಗೂ ಬಿದ್ದಿದೆ. ಆಮೇಲೆ ನನಗೆ ಒಂದೂ ಬ್ರೀಫ್ ಬಂದಿಲ್ಲ.

ಜಾಮೀನು ಸಿಕ್ಕಿತು. ಯಾರೂ ಗಮನಿಸಲಿಲ್ಲ.

ಚೀಲವನ್ನು ಇದರ ಜೊತೆ ವಾಪಸ್ಸು ಕಳಿಸುತ್ತಿದ್ದೇನೆ. ಆಫೀಸಿನಲ್ಲೇ ಎಲ್ಲಾದರೂ ಇಡಿ. ದಿನಾ ಹಿಡಿದುಕೊಂಡು ಹೋಗುತ್ತಿದ್ದೇನೆ ಅಂತ ದೊಡ್ಡಮ್ಮನಿಗೆ ಹೇಳಿ.

ಒಂದು ಮಾತು. ನೀವು ಯಾರ್ಕಿನಲ್ಲಿ ಬ್ಯಾರಿಸ್ಟರುಗಳ ಚೀಲ ಹೊತ್ತವರು. ನಿಮಗೆ ಗೊತ್ತಿತ್ತಾ?

ಹೆಸ್ಟರ್


ಥಾರ್ಸ್‌ಬಿ
೨೭ ಜನವರಿ ೧೯೮೩

ಪ್ರೀತಿಯ ಹೆಸ್ಟರ್,

ಕಾಗದ ತಲುಪಿತು. ಪೊಟ್ಟಣವೂ ತಲುಪಿತು.

ಇಲ್ಲಿ ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಆಫೀಸಿನ ಕಿಟಕಿ ಗಾಜು ಒಂದು ಬಿರುಕು ಬಿಟ್ಟಿದೆ. ಮೀನಿನ ದೋಣಿಗಳು ಹೊರಟಿಲ್ಲ. ಡೋರಿಸಳ ಅಂಗಡಿಯಲ್ಲಿ ಹಳೇ ಹೊಗೆಮೀನು ಬಿಟ್ಟರೆ ಬೇರೇನೂ ಇಲ್ಲ, ಅದನ್ನೇ ಹಾಲಿನಲ್ಲಿ ಬೇಯಿಸಿ ತಿನ್ನುತ್ತಿದ್ದೇವೆ. ದೊಡ್ಡಮ್ಮನ ಸೊಂಟ ಹಾಗೇ ಇದೆ. ಡಾಕ್ಟರು ನಡೆಯಿರಿ ಅನ್ನುತ್ತಾರೆ, ಅವಳು ಡಾಕ್ಟರ ಮನೆಯವರೆಗೆ ನಡೆದು ನೋವು ಹೇಳಿಕೊಂಡು ನಡೆದು ಬರುತ್ತಾಳೆ.

ಬೆಕ್ಕು ಒಂದು ದೊಡ್ಡ ಇಲಿ ಹಿಡಿದು ನಿನ್ನ ಕುರ್ಚಿಯ ಕೆಳಗೆ ಇಟ್ಟಿತ್ತು. ಬಹುಮಾನ ಕೊಡಲು ಯಾರೂ ಇರಲಿಲ್ಲ.

ದೊಡ್ಡಮ್ಮ ನಿನ್ನೆ ಊಟಕ್ಕೆ ಕೂತಾಗ, ಚೀಲದ ದಾರ ಗಟ್ಟಿಯಾಗಿದೆಯಂತಾ ಅಂತ ಕೇಳಿದಳು. ಇದೆಯಂತೆ ಅಂದೆ. ಅಲ್ಲಿನ ಜನ ಏನಂದರಂತೆ ಅಂದಳು. ಎಲ್ಲರೂ ನೋಡಿದರಂತೆ ಅಂದೆ. ಅಷ್ಟು ಸಾಕಾಯಿತು ಅವಳಿಗೆ, ಎರಡನೇ ಸಲ ಆಲೂಗಡ್ಡೆ ಬಡಿಸಿಕೊಂಡಳು.

ಜಾಮೀನು ಸಿಕ್ಕಿದ್ದಕ್ಕೆ ಸಂತೋಷ.

ಎಡ್ವಿನ್ ದೊಡ್ಡಪ್ಪ


ಥಾರ್ಸ್‌ಬಿ
೨೦ ಮಾರ್ಚ್ ೧೯೮೩

ಹೆಸ್ಟರ್,

ಫೆಬ್ರವರಿ ಪೂರ್ತಿ ನಿನ್ನ ಕಾಗದ ಇಲ್ಲ. ದೊಡ್ಡಮ್ಮನಿಗೆ ಅಂಚೆಯವರ ಮುಷ್ಕರ ಅಂತ ಹೇಳಿದ್ದೆ. ಅಂಚೆಯವನೇ ಬಂದು ಕರೆಂಟು ಬಿಲ್ಲು ಕೊಟ್ಟು ಹೋದ.

ಊರ ಸುದ್ದಿ ಹೇಳುತ್ತೇನೆ. ಹೊಗೆಮನೆ ಸಿಡ್ ಬೌಲ್ಬಿ ನಿನಗೆ ನೆನಪಿರಬೇಕು, ಚಿಕ್ಕವಳಿದ್ದಾಗ ನಿನಗೆ ಬಿಸಿ ಬಿಸಿ ಹೊಗೆಮೀನು ಕೊಡುತ್ತಿದ್ದವನು. ಜನವರಿಯಲ್ಲಿ ಅವನು ಮೀನಿಗೆ ಹೊಗೆ ಕೊಡುವ ಆ ಹೊಗೆಮನೆ ಸುಟ್ಟು ಬೂದಿಯಾಯಿತು. ವಿಮೆ ಹಣಕ್ಕೆ ಅವನೇ ಬೆಂಕಿ ಇಟ್ಟ ಅಂತ ಪೊಲೀಸರು ಹಿಡಿದಿದ್ದಾರೆ. ಪಕ್ಕದ ಹಗ್ಗದಂಗಡಿ ಟ್ರಾಟ್ ಸಾಕ್ಷಿ. ಮುಂಜಾನೆ ಸಿಡ್ ಡಬ್ಬಿಯಿಂದ ಮರದ ಹೊಟ್ಟಿನ ಮೇಲೆ ಸೀಮೆಎಣ್ಣೆ ಸುರಿಯುವುದನ್ನು ಬಾಗಿಲಲ್ಲೇ ನಿಂತು ನೋಡಿದೆ ಅನ್ನುತ್ತಾನೆ. ಸಿಡ್ ನನ್ನ ಮುಂದೆ ಕೂತು ಟೋಪಿ ಹಿಂಡುತ್ತಾ, "ಎಡ್ವಿನ್, ಐವತ್ತು ವರ್ಷದಿಂದ ಅದೇ ಹೊಗೆ ಕುಡಿದವನು ನಾನು, ನನ್ನ ಮನೆಗೆ ನಾನು ಬೆಂಕಿ ಇಡ್ತೀನಾ" ಅಂದ. ಜೈಲಿಗೆ ಹೋದರೆ ತಿರುಗಿ ಬರುವ ವಯಸ್ಸಲ್ಲ ಅವನದು.

ಜೂನ್‌ನಲ್ಲಿ ಯಾರ್ಕಿನಲ್ಲಿ ವಿಚಾರಣೆ. ಹಿರಿಯರಾಗಿ ಮಾಲರಿಯವರಿಗೇ ಕೊಟ್ಟಿದ್ದೇನೆ, ಬೇರೆ ಯಾರಿಗೆ ಕೊಡಲಿ. ಅವರ ಜೊತೆಗೆ ಕಿರಿಯರಾಗಿ ನಿಮ್ಮ ಚೇಂಬರ್ಸಿನ ಫೆನ್ವಿಕ್ಕನನ್ನು ಹಾಕಿದ್ದೇನೆ. ಒಳ್ಳೆಯ ಹುಡುಗ ಅಂತ ಕೇಳಿದ್ದೇನೆ. ಮನೆ ಮಗಳಿಗೇ ಕೇಸು ಕೊಟ್ಟರೆ ಊರವರು ಏನಾದರೂ ಅಂದಾರು. ನೀನು ಅರ್ಥ ಮಾಡಿಕೊಳ್ಳುತ್ತೀಯ.

ಜುಲೈ ಹತ್ತಿರ ಬರುತ್ತಿದೆ ಅಂತ ದೊಡ್ಡಮ್ಮ ನೆನಪು ಮಾಡುತ್ತಿರುತ್ತಾಳೆ. ಅವರಿಗೆ ನೀನು ಬೇಡವಾದರೆ ಮೇಜು ಇಲ್ಲಿ ಇದ್ದೇ ಇದೆ.

ದೊಡ್ಡಪ್ಪ


ಲೀಡ್ಸ್
೧೮ ಏಪ್ರಿಲ್ ೧೯೮೩

ಗೌರವಾನ್ವಿತ ಗಾರ್ತ್ ಅವರಿಗೆ,

ಬೌಲ್ಬಿ ಪ್ರಕರಣದಲ್ಲಿ ತಾವು ನೇಮಿಸಿದ್ದ ಶ್ರೀ ಫೆನ್ವಿಕ್ ಅವರಿಗೆ ಅದೇ ವಾರ ಬೇರೆ ವಿಚಾರಣೆ ಬಿದ್ದಿರುವುದರಿಂದ ಬ್ರೀಫನ್ನು ವಾಪಸ್ಸು ಮಾಡಿದ್ದಾರೆ. ನಮ್ಮ ಗುಮಾಸ್ತರು ಅದನ್ನು ನನ್ನ ಮೇಜಿನ ಮೇಲೆ ಇಟ್ಟಿದ್ದಾರೆ. ಸರದಿಯಲ್ಲಿ ನಿಂತ ಬಾಡಿಗೆ ಕಾರಿನವರ ಹಾಗೆ ನಾವು. ಬಿಡುವಿದ್ದಾಗ ಬಂದ ಕೇಸನ್ನು ಬೇಡ ಅನ್ನುವ ಹಾಗಿಲ್ಲ. ನಾನು ಕೇಳಿ ಪಡೆದದ್ದಲ್ಲ.

ಆದರೆ ಸಾಲಿಸಿಟರ್ ಬೇಡ ಅನ್ನಬಹುದು. ತಮಗೆ ಬೇರೆಯವರು ಬೇಕಿದ್ದರೆ ಶುಕ್ರವಾರದೊಳಗೆ ಗುಮಾಸ್ತರಿಗೆ ಒಂದು ಫೋನು ಮಾಡಿದರೆ ಸಾಕು.

ಸ್ವಂತ ಮನೆಯವರೇ ಬೇಡ ಅಂದ ಬ್ಯಾರಿಸ್ಟರನ್ನು ಜುಲೈನಲ್ಲಿ ಯಾರೂ ಇಟ್ಟುಕೊಳ್ಳುವುದಿಲ್ಲ ಅನ್ನುವುದು ತಮಗೆ ತಿಳಿದಿದೆ. ತಮ್ಮ ಕೈ ಕಟ್ಟಲು ಇದನ್ನು ಬರೆಯುತ್ತಿಲ್ಲ. ಗೊತ್ತಿರಲಿಲ್ಲ ಅಂತ ಆಮೇಲೆ ಆಗಬಾರದು, ಅಷ್ಟೇ.

ತಮ್ಮ ವಿಶ್ವಾಸದ,
ಹೆಸ್ಟರ್ ಗಾರ್ತ್


ಥಾರ್ಸ್‌ಬಿ
೨೩ ಏಪ್ರಿಲ್ ೧೯೮೩, ಶನಿವಾರ

ಹೆಸ್ಟರ್,

ಫೋನು ಕೈಗೆತ್ತಿಕೊಂಡೆ. ಇಟ್ಟೆ. ಶುಕ್ರವಾರ ಕಳೆಯಿತು.

ಸಿಡ್‌ನ ಹೇಳಿಕೆ ಇದರ ಜೊತೆ ಇದೆ.

ಎ. ಗಾರ್ತ್


ಥಾರ್ಸ್‌ಬಿ
೫ ಜುಲೈ ೧೯೮೩

ಮಗಳೇ,

ಈ ಕಾಗದವನ್ನು ಬೇಕಂತಲೇ ತಡಮಾಡಿ ಹಾಕುತ್ತಿದ್ದೇನೆ. ಯಾಕೆ ಅಂತ ಕೊನೆಗೆ ತಿಳಿಯುತ್ತದೆ.

ಯಾರ್ಕಿನ ಆ ಬೆಳಿಗ್ಗೆ ಮೊಗಸಾಲೆಯಲ್ಲಿ ನೀನು ಮಾಲರಿಯವರ ಜೊತೆ ನಡೆದು ಬಂದೆ. ವಿಗ್ಗಿನ ಕೆಳಗೆ ನಿನ್ನ ಮುಖ ನಿಮ್ಮಪ್ಪನ ಹಾಗೇ ಇತ್ತು. ಅವರು ನಿನ್ನ ಕೈ ಕುಲುಕಲಿಲ್ಲ, ಸುಮ್ಮನೆ ತಲೆ ಆಡಿಸಿದರು. ನೀನು ನನ್ನ ಹತ್ತಿರ ಬಂದು, "ನಮಸ್ಕಾರ ಗಾರ್ತ್ ಅವರೇ" ಅಂತ ಕೈ ಚಾಚಿದೆ. ನಾನು ಹಿಡಿದೆ. ಹಿಡಿದ ಮೇಲೆ ನಿನ್ನ ಅಕ್ಟೋಬರ್ ಕಾಗದ ನೆನಪಾಯಿತು. ಕೈ ಕುಲುಕುವುದು ಹೊರಗಿನವರಿಗೆ.

ಆಮೇಲೆ ನಿಮ್ಮಿಬ್ಬರ ಬೆನ್ನ ಹಿಂದೆ ಹೋಗಿ ಕೂತೆ. ಇಷ್ಟು ವರ್ಷ ಒಂದು ಬೆನ್ನು ನೋಡಿದ್ದೆ, ಈಗ ಎರಡು.

ಟ್ರಾಟ್ ಸಾಕ್ಷಿಕಟ್ಟೆಗೆ ಬಂದಾಗ ಮಾಲರಿಯವರು ಏಳುತ್ತಾರೆ ಅಂತ ಕಾದಿದ್ದೆ. ಅವರು ನಿನ್ನ ಕಡೆ ವಾಲಿ ಏನೋ ಅಂದು ಹಿಂದಕ್ಕೆ ಒರಗಿದರು. ನೀನು ಎದ್ದೆ. ಏಳುವ ಮೊದಲು ನನ್ನ ಕಡೆ ತಿರುಗಿದೆ. ಕಾನೂನಿನ ಯಾವುದೋ ಅಂಶ ಕೇಳುತ್ತೀಯ ಅಂತ ನಾನು ಮುಂದಕ್ಕೆ ಬಗ್ಗಿದೆ. "ಪೆಪ್ಪರ್‌ಮೆಂಟ್ ಇದೆಯಾ?" ಅಂದೆ ನೀನು. ನಾನು ಕೊಟ್ಟೆ. ಅದನ್ನು ದವಡೆಗೆ ಒತ್ತರಿಸಿಕೊಂಡು ನೀನು ಎದ್ದು ನಿಂತೆ.

ನೀನು ಅವನನ್ನು ಏನು ನೋಡಿದಿರಿ ಅಂತ ಕೇಳಲೇ ಇಲ್ಲ. "ಟ್ರಾಟ್ ಅವರೇ, ಬಾಗಿಲಲ್ಲಿ ನಿಂತಿದ್ದಿರಿ. ನಿಮ್ಮ ಮೂಗಿಗೆ ಏನು ವಾಸನೆ ಬಂತು?" ಅಂದೆ.

"ಮೀನು, ಹೊಗೆ. ದಿನಾ ಬರೋದೇ" ಅಂದ.

"ಬೇರೆ ಏನಾದರೂ?"

"ಬೇರೆ ಏನೂ ಇಲ್ಲ."

ನೀನು ಕೂತುಬಿಟ್ಟೆ.

ಡಬ್ಬಿಗಟ್ಟಲೆ ಸೀಮೆಎಣ್ಣೆ ಸುರಿಯುವಾಗ ಬಾಗಿಲಲ್ಲಿ ನಿಂತವನಿಗೆ ವಾಸನೆ ಬರಲಿಲ್ಲ. ಹೊಟ್ಟು ಉರಿಯದೆ ಹೊಗೆಯಾಡಲಿ ಅಂತ ಹೊಗೆಮನೆಯವರು ದಿನಾ ನೀರು ಚಿಮುಕಿಸುವುದು ಬಂದರಿನ ಮಕ್ಕಳಿಗೆಲ್ಲ ಗೊತ್ತು. ಜ್ಯೂರಿಯಲ್ಲಿದ್ದ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ಕೇಸು ಅಲ್ಲೇ ಮುಗಿದಿತ್ತು. ಉಳಿದದ್ದನ್ನು ಮಾಲರಿಯವರು ಕೊನೆಯ ಭಾಷಣದಲ್ಲಿ ಹೇಳಿದರು.

ಆ ಪ್ರಶ್ನೆ ನನಗೂ ಹೊಳೆದಿತ್ತು. ಹಾಗಾಗಿ ನೀನು ಎದ್ದು ನಿಂತಾಗ ನನಗೆ ಏನೂ ಆಗಲಿಲ್ಲ. ಹೊಟ್ಟೆ ಉರಿದದ್ದು ನೀನು ಕೂತಾಗ. ನಾನಾಗಿದ್ದರೆ, "ಹಾಗಾದರೆ ಅದು ನೀರಿರಬಹುದಲ್ಲವೇ?" ಅಂತ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ. ಅವನು, "ಇಲ್ಲ, ನನಗೆ ನೆಗಡಿಯಾಗಿತ್ತು" ಅಂದಿದ್ದರೆ ಸಿಡ್‌ನ ಕಥೆ ಮುಗಿಯುತ್ತಿತ್ತು. ಎಲ್ಲಿ ಬಾಯಿ ಮುಚ್ಚಬೇಕು ಅನ್ನುವುದು ನಿನಗೆ ಗೊತ್ತಿದೆ. ಮೂವತ್ತು ವರ್ಷ ಬಾಯಿ ಮುಚ್ಚಿ ಕೂತ ನನಗೆ ಅದು ಗೊತ್ತಿರಲಿಲ್ಲ. ನನ್ನನ್ನು ಯಾರೋ ತಡೆದರು, ಇಲ್ಲದಿದ್ದರೆ ನಾನೂ ಅಲ್ಲಿ ನಿಲ್ಲುತ್ತಿದ್ದೆ ಅಂತ ಇಷ್ಟು ವರ್ಷ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ಅದನ್ನೂ ನೀನು ತೆಗೆದುಕೊಂಡೆ. ಸಿಡ್ ಬಿಡುಗಡೆಯಾಗಿ ಎಲ್ಲರನ್ನೂ ತಬ್ಬಿಕೊಳ್ಳುತ್ತಿದ್ದಾಗ ನಾನು ಕಾಗದ ಕಟ್ಟುವ ನೆಪದಲ್ಲಿ ಬಗ್ಗಿ ಕೂತಿದ್ದೆ.

ಹೊರಗೆ ಮಾಲರಿಯವರು ನನ್ನನ್ನು ನಿಲ್ಲಿಸಿದರು. "ಗಾರ್ತ್, ಆ ಚೀಲದ ಕಥೆ ನನಗೆ ಗೊತ್ತು. ಅದು ನಿಮ್ಮ ಹತ್ತಿರ ಇದೆಯಂತೆ. ಬೇರೆ ಹೊಸದು ಯಾಕೆ, ಅದನ್ನೇ ನನಗೆ ಕೊಡಿ, ನಾನು ಅವಳಿಗೆ ಕೊಡ್ತೀನಿ" ಅಂದರು. ನೋಡೋಣ ಅಂದೆ.

ಎರಡು ವಾರ ಕೊಡಲಿಲ್ಲ. ಚೀಲ ನಿನ್ನ ಮೇಜಿನ ಕೆಳಗಿನ ಖಾನೆಯಲ್ಲಿತ್ತು. ಹೊಲಿದವಳು ನನ್ನ ಹೆಂಡತಿ. ಹೊರಬೇಕಾದವಳು ನಮ್ಮ ಮನೆಯಲ್ಲಿ ಬೆಳೆದವಳು. ನಡುವೆ ಆ ಮನುಷ್ಯನ ಕೈ ಯಾಕೆ ಬೇಕು? ನಾವು ಕೊಟ್ಟರೆ ನಗೆಪಾಟಲು, ಅವರು ಕೊಟ್ಟರೆ ಬಿರುದು. ಖಾನೆ ತೆರೆಯುವುದು, ಮುಚ್ಚುವುದು. ಒಂದು ದಿನ ತೆರೆದೇ ಬಿಟ್ಟಿದ್ದೆ, ಬೆಕ್ಕು ಒಳಗೆ ಹೋಗಿ ಅದರ ಮೇಲೆ ಮಲಗಿತ್ತು. ಕೂದಲುಗಳನ್ನು ಒಂದೊಂದಾಗಿ ಕಿತ್ತು ತೆಗೆಯುತ್ತಾ ಕೂತೆ. ಬಿಳಿ ದಾರದಲ್ಲಿ ನಿನ್ನ ಹೆಸರಿನ ಅಕ್ಷರದ ಒಂದು ಕಾಲು ಸ್ವಲ್ಪ ಸೊಟ್ಟಗಿದೆ, ಸೊಂಟ ಹಿಡಿದುಕೊಂಡಾಗ ಹಾಕಿದ ಹೊಲಿಗೆ ಇರಬೇಕು. ಅದನ್ನು ನೋಡಿದ ಮೇಲೆ ರೈಲು ಹತ್ತಿದೆ.

ನೀನು ಕೋರ್ಟಿಗೆ ಹೋಗಿದ್ದ ಹೊತ್ತು ನೋಡಿಕೊಂಡೇ ಚೇಂಬರ್ಸಿಗೆ ಹೋದೆ. ಮಾಲರಿಯವರು ಚೀಲ ತೆಗೆದುಕೊಂಡು, ಒಂದು ಸಣ್ಣ ಕಾರ್ಡು ನನ್ನ ಮುಂದಿಟ್ಟರು. "ಇದನ್ನ ನೀವೇ ಬರೀರಿ, ನಾನು ಸಹಿ ಹಾಕ್ತೀನಿ. ನಿಮ್ಮ ಕೈಬರಹ ಬಹಳ ಚೆನ್ನಾಗಿದೆ, ಗಾರ್ತ್" ಅಂದರು. ಅವರಿಗೆ ಆ ರೈಲಿನ ಮಾತು ನೆನಪಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಪೆನ್ನು ತೆಗೆದುಕೊಂಡೆ. ಅವರು ಹೇಳಿದ ಹಾಗೆ ಬರೆಯಲಿಲ್ಲ, ನನಗೆ ತೋಚಿದ್ದನ್ನು ಬರೆದೆ. ಓದಿ ನೋಡಿ ಸುಮ್ಮನೆ ಸಹಿ ಹಾಕಿದರು.

ಸೋಮವಾರ ಕೊಡುತ್ತೇನೆ ಅಂದಿದ್ದಾರೆ. ಅದಕ್ಕೇ ಇದನ್ನು ಮಂಗಳವಾರ ಅಂಚೆಗೆ ಹಾಕುತ್ತಿದ್ದೇನೆ. ಯಾರು ಕೇಳಿದರೂ ಮಾಲರಿಯವರು ಕೊಟ್ಟರು ಅನ್ನು. ದೊಡ್ಡಮ್ಮನ ಹೆಸರು ಎತ್ತಬೇಡ.

ನಿನ್ನ ಜನವರಿಯ ಕಾಗದದಲ್ಲಿ ಚೀಲದ ಬಣ್ಣದ ಬಗ್ಗೆ ಒಂದು ಪ್ರಶ್ನೆ ಇತ್ತು.

ಗೊತ್ತಿತ್ತು.

ಎಡ್ವಿನ್


ಲೀಡ್ಸ್
೧೩ ಜುಲೈ ೧೯೮೩

ದೊಡ್ಡಪ್ಪ,

ನಿನ್ನೆ ಸಂಜೆ ಎಲ್ಲರೂ ಕೂತಿದ್ದರು. ನನ್ನನ್ನು ಇಟ್ಟುಕೊಂಡಿದ್ದಾರೆ. ಇವತ್ತು ಬೆಳಿಗ್ಗೆ ಪೇಂಟರು ಬಂದು ಮೆಟ್ಟಿಲ ಬಳಿಯ ಹಲಗೆಯಲ್ಲಿ ಎಲ್ಲರ ಕೆಳಗೆ ನನ್ನ ಹೆಸರು ಬರೆಯುತ್ತಿದ್ದರು. ಬಣ್ಣ ಇನ್ನೂ ಹಸಿ, ಮುಟ್ಟಬೇಡಿ ಅಂದರು. ಮುಟ್ಟಿದೆ.

ನಿಮ್ಮ ಕೊನೆಯ ಮಾತನ್ನು ಓದಿ ಕಾಗದವನ್ನು ಖಾನೆಯೊಳಗೆ ಹಾಕಿದೆ. ಇಡೀ ದಿನ ನಿಮ್ಮ ಮೇಲೆ ಸಿಟ್ಟಿನಲ್ಲೇ ಓಡಾಡಿದೆ. ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಕಾರ್ಡಿನ ಕೈಬರಹ ಯಾರದು ಅಂತ ನನಗೆ ತಿಳಿಯುವುದಿಲ್ಲ ಅಂದುಕೊಂಡಿರಾ? ‘ಎಲ್ಲಿ ಕೂರಬೇಕೆಂದು ಬಲ್ಲವಳಿಗೆ’ ಅಂತ ಮಾಲರಿಯವರು ಬರೆಯುವವರಲ್ಲ. ಅವರು ‘ಉತ್ತಮ ಕೆಲಸ’ ಅಂತ ಬರೆಯುವವರು.

ಹೋದ ವಾರ ಮಂಗಳವಾರ ಅದೇ ಚೀಲ ಹೆಗಲಿಗೆ ಹಾಕಿಕೊಂಡು ಅದೇ ಕೋಣೆಗೆ ಹೋದೆ. ಅದೇ ಹಿರಿಯರು ಕೂತಿದ್ದರು. "ಮತ್ತೆ ದೊಡ್ಡಮ್ಮನಾ?" ಅಂದರು. ನಿಮ್ಮ ಕಾಗದ ಆಗ ನನಗಿನ್ನೂ ತಲುಪಿರಲಿಲ್ಲ, ಹಾಗಾಗಿ ನಿಮ್ಮ ಮಾತು ಮೀರಿದೆ ಅನ್ನಬೇಡಿ. "ಹೌದು, ಹೊಲಿದದ್ದು ದೊಡ್ಡಮ್ಮ, ಕೊಟ್ಟದ್ದು ಮಾಲರಿಯವರು. ನಮ್ಮ ದೊಡ್ಡಪ್ಪ ಎರಡು ಸಲ ಕಳಿಸಿದ್ದಾರೆ" ಅಂದೆ. ಈ ಸಲ ಯಾರೂ ನಗಲಿಲ್ಲ.

ಭಾನುವಾರ ಊಟಕ್ಕೆ ಬರುತ್ತೇನೆ. ದೊಡ್ಡಮ್ಮನಿಗೆ ಎಲ್ಲವನ್ನೂ ನಾನೇ ಹೇಳುತ್ತೇನೆ, ಒಂದನ್ನು ಬಿಟ್ಟು. ಅದನ್ನು ನೀವು ಹೇಳಬೇಕು.

ಸ್ಟೇಷನ್ನಿಗೆ ಬಂದರೆ ಕೈ ಚಾಚಬೇಡಿ. ನಮ್ಮವರ ಜೊತೆ ನಾವು ಕೈ ಕುಲುಕುವುದಿಲ್ಲ.

ನಿಮ್ಮ
ಹೆಸ್ಟರ್